ತೆಳು ಲ್ಯಾಪ್‌ಟಾಪಿನ ಭಾರ

ಸಿಇಟಿ ಸೀಟು ಹಂಚಿಕೆಯ ಗಡಿಬಿಡಿ ಮುಗಿಯುವ ಹೊತ್ತಿಗೆ ಆಲ್ದೂರಿನಲ್ಲಿ ಮಳೆ ಹಿಡಿದುಕೊಂಡಿರುತ್ತದೆ. ಹೊರಗೆ ಕಾಫಿ ಗಿಡಗಳ ಮೇಲೆ ಧೋ ಎಂದು ಸುರಿಯುವ ಮಳೆ, ಒಳಗೆ ಒಂದೇ ಚರ್ಚೆ: ಮಗನಿಗೆ, ಇಲ್ಲವೇ ಮಗಳಿಗೆ, ಯಾವ ಲ್ಯಾಪ್‌ಟಾಪ್ ಕೊಡಿಸುವುದು? ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುವವರು ಕೆಲವರು. ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿಗೋ, ಘಟ್ಟ ಇಳಿದು ಸುರತ್ಕಲ್ಲಿನ ಎನ್‌ಐಟಿಕೆಗೋ ಹೋಗಿ ಹಾಸ್ಟೆಲ್ ಸೇರುವವರು ಇನ್ನು ಕೆಲವರು. ಯಾರೇ ಆಗಲಿ, ಮೊಬೈಲಿನ ಪರದೆಯ ಮೇಲೆ ಬೆರಳಿಟ್ಟು ತೋರಿಸುವುದು ಮಾತ್ರ ಒಂದೇ ಬಗೆಯ ಯಂತ್ರವನ್ನು. ಕೀಲಿಮಣೆಯೊಳಗೆ ಬಣ್ಣದ ದೀಪ ಹೊತ್ತಿಕೊಳ್ಳುವ, ನೋಟ್‌ಬುಕ್ಕಿನಷ್ಟು ತೆಳ್ಳಗಿನ ‘ಗೇಮಿಂಗ್ ಲ್ಯಾಪ್‌ಟಾಪ್’!

“ಇದು ಓದಲಿಕ್ಕೋ, ಆಡಲಿಕ್ಕೋ?” ಎಂದು ಅಪ್ಪ ಕೇಳುವುದು ಸಹಜ. ಲಕ್ಷ ರೂಪಾಯಿಯ ಆಚೀಚೆ ಇರುವ ಬೆಲೆ. ಕಾಫಿಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷವಾದರೂ ಲಕ್ಷ ಲಕ್ಷವೇ. ಮಕ್ಕಳ ಉತ್ತರದಲ್ಲಿ ಅರ್ಧವಾದರೂ ನಿಜವಿದೆ ಎಂದು ಮೊದಲೇ ಹೇಳಿಬಿಡಬೇಕು. ಆಟದ ಚಿತ್ರಗಳನ್ನು ಸೆಕೆಂಡಿಗೆ ಅರವತ್ತು, ನೂರು ಸಲ ಬಿಡಿಸಲೆಂದು ಈ ಯಂತ್ರಗಳಲ್ಲಿ ಗ್ರಾಫಿಕ್ಸ್ ಚಿಪ್ ಎಂಬ ಎರಡನೆಯ ಮಿದುಳು ಇರುತ್ತದೆ. ಸಾವಿರಾರು ಸಣ್ಣ ಲೆಕ್ಕಗಳನ್ನು ಏಕಕಾಲಕ್ಕೆ ಮಾಡುವುದು ಅದರ ಕಸುಬು. ಯಂತ್ರಭಾಗಗಳ ಮೂರು ಆಯಾಮದ ನಕ್ಷೆ, ಕಟ್ಟಡದ ವಿನ್ಯಾಸ, ವಿಡಿಯೋ ಸಂಕಲನ, ಕೃತಕ ಬುದ್ಧಿಮತ್ತೆಯ ಪ್ರಯೋಗ ಎಲ್ಲಕ್ಕೂ ಅದೇ ಕಸುಬು ಬೇಕು. ಉಳಿದರ್ಧ ಉತ್ತರ ಏನೆಂಬುದು ಅಪ್ಪನಿಗೂ ಗೊತ್ತು, ಮಗನಿಗೂ ಗೊತ್ತು. ಅದನ್ನು ಮನೆಯೊಳಗೇ ಬಗೆಹರಿಸಿಕೊಳ್ಳಲಿ.

ಇಲ್ಲಿ ನೋಡಬೇಕಾದ ಪ್ರಶ್ನೆ ಬೇರೆ. ಜಾಹೀರಾತುಗಳು ಮಿಲಿಮೀಟರುಗಳನ್ನು ಮಾರುತ್ತಿವೆ. 18 ಮಿ.ಮೀ., 16 ಮಿ.ಮೀ., 15 ಮಿ.ಮೀ.! ಆದರೆ ವಿದ್ಯಾರ್ಥಿಯ ಹೆಗಲಿಗೆ ಮಿಲಿಮೀಟರು ತಿಳಿಯದು, ಕಿಲೋಗ್ರಾಮ್ ಮಾತ್ರ ತಿಳಿಯುತ್ತದೆ. ಯಂತ್ರದೊಳಗಿನ ಚಿಪ್ಪಿಗೂ ಮಿಲಿಮೀಟರು ತಿಳಿಯದು, ಅದಕ್ಕೆ ತಿಳಿಯುವುದು ವಾಟ್. ತೆಳುವಾದದ್ದೆಲ್ಲ ಹಗುರವಲ್ಲ, ಹಗುರವಾದದ್ದೆಲ್ಲ ಹೊತ್ತೊಯ್ಯಲು ಸಲೀಸೂ ಅಲ್ಲ. ಈ ಮೂರನ್ನು ಬೇರೆ ಬೇರೆಯಾಗಿ ಅಳೆಯದೆ ಹಣ ಕೊಟ್ಟವರು ನಾಲ್ಕು ವರ್ಷ ಅದರ ಜತೆ ಹೆಣಗಬೇಕಾಗುತ್ತದೆ.

ಹನ್ನೊಂದು ಕಿಲೋದಿಂದ ಒಂದೂವರೆ ಕಿಲೋಗೆ

‘ಹೊತ್ತೊಯ್ಯಬಲ್ಲ’ ಎಂಬ ಮಾತೇ ಕಾಲಕ್ಕೆ ತಕ್ಕಂತೆ ಬದಲಾಗಿದೆ. 1981ರಲ್ಲಿ ಅಮೆರಿಕದಲ್ಲಿ ಬಂದ ಆಸ್ಬೋರ್ನ್-1 ಎಂಬ ಕಂಪ್ಯೂಟರನ್ನು ಹಿಡಿಕೆ ಹಿಡಿದು ಎತ್ತಿಕೊಂಡು ಹೋಗಬಹುದು ಎಂದೇ ಮಾರಿದರು. ಅದರ ತೂಕ ಸುಮಾರು 11 ಕಿಲೋ, ಪರದೆ ಐದೇ ಅಂಗುಲ, ಒಳಗೆ ಬ್ಯಾಟರಿಯೇ ಇಲ್ಲ. ಮರುವರ್ಷವೇ ಬಂದ ಗ್ರಿಡ್ ಕಂಪಾಸ್ ಯಂತ್ರ ಪುಸ್ತಕದಂತೆ ಮಡಚಿಕೊಳ್ಳುತ್ತಿತ್ತು. ಅದರ ಕವಚ ಮೆಗ್ನೀಸಿಯಂ ಮಿಶ್ರಲೋಹದ್ದು. ಅಮೆರಿಕದ ಬಾಹ್ಯಾಕಾಶ ನೌಕೆಯಲ್ಲೂ ಅದು ಹಾರಿತು. ಇಂದಿನ ಎಲ್ಲ ಲ್ಯಾಪ್‌ಟಾಪುಗಳ ಅಜ್ಜ ಅದೇ. 2008ರ ಜನವರಿಯಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅಂಚೆ ಲಕೋಟೆಯೊಳಗಿಂದ ಮ್ಯಾಕ್‌ಬುಕ್ ಏರ್ ಎಂಬ 1.36 ಕಿಲೋ ತೂಕದ ಯಂತ್ರವನ್ನು ಹೊರತೆಗೆದು ತೋರಿಸಿದ ಮೇಲೆ ತೆಳ್ಳಗಿರುವುದೇ ಒಂದು ಅಂತಸ್ತಾಯಿತು.

ಆಟದ ಯಂತ್ರಗಳು ಮಾತ್ರ ಆ ದಾರಿಗೆ ಬರಲಿಲ್ಲ. 2017ರಲ್ಲಿ ಏಸರ್ ಕಂಪನಿ ಪ್ರಿಡೇಟರ್ 21 ಎಕ್ಸ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ತೂಕ ಎಂಟೂವರೆ ಕಿಲೋ, ಒಳಗೆ ಐದು ಫ್ಯಾನು, ವಿದ್ಯುತ್ತಿಗೆ ಎರಡು ಅಡಾಪ್ಟರು! ಅದನ್ನೂ ಲ್ಯಾಪ್‌ಟಾಪ್ ಎಂದೇ ಕರೆದರು. ಲ್ಯಾಪ್ ಎಂದರೆ ಮಡಿಲು. ಎಂಟೂವರೆ ಕಿಲೋ ಭಾರವನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುವುದು ಯಾರಿಗೆ ಸಾಧ್ಯವೋ ತಿಳಿಯದು.

ಇದಕ್ಕೆ ತದ್ವಿರುದ್ಧವಾದ ಪ್ರಯತ್ನ 2013ರಲ್ಲೇ ನಡೆದಿತ್ತು. ರೇಜರ್ ಕಂಪನಿಯ ಬ್ಲೇಡ್ 14 ಎಂಬ ಯಂತ್ರ 16.8 ಮಿ.ಮೀ. ದಪ್ಪ, 1.88 ಕಿಲೋ ತೂಕವಿತ್ತು. ಮುಂದೆ ಆದದ್ದು ಕುತೂಹಲಕರ. ಹತ್ತು ವರ್ಷಗಳ ತಂತ್ರಜ್ಞಾನದ ದಾಪುಗಾಲಿನ ಬಳಿಕ, 2023ರಲ್ಲಿ ಅದೇ ಹೆಸರಿನ ಯಂತ್ರದ ದಪ್ಪ 18 ಮಿ.ಮೀ. ಆಗಿತ್ತು. ಅಂದರೆ ತೆಳ್ಳಗಾಗುವ ಬದಲು ತುಸು ದಪ್ಪವೇ ಆಗಿತ್ತು. 2025ರಲ್ಲಿ ಅದು ಮತ್ತೆ 16 ಮಿ.ಮೀ.ಗಿಂತ ಕೆಳಗಿಳಿಯಿತು. ಆದರೆ ಅದರೊಳಗಿನ ಗ್ರಾಫಿಕ್ಸ್ ಚಿಪ್ಪಿಗೆ ಕೊಡುವ ವಿದ್ಯುತ್ತು 140 ವಾಟಿನಿಂದ 115 ವಾಟಿಗೆ ಇಳಿದಿತ್ತು. ಇಡೀ ಕಥೆಯ ಕೀಲಿ ಈ ಕೊನೆಯ ವಾಕ್ಯದಲ್ಲಿದೆ.

ಇಸ್ತ್ರಿ ಪೆಟ್ಟಿಗೆಗಿಂತ ಬಿಸಿ

ಲ್ಯಾಪ್‌ಟಾಪಿಗೆ ಕೊಟ್ಟ ವಿದ್ಯುತ್ತಿನಲ್ಲಿ ಲೆಕ್ಕ ಮಾಡಲು ‘ಖರ್ಚಾಗಿ’ ಮಾಯವಾಗುವುದು ಏನೂ ಇಲ್ಲ. ಪರದೆಯ ಬೆಳಕು, ಫ್ಯಾನಿನ ಗಾಳಿ, ಸ್ಪೀಕರಿನ ಸದ್ದು ಬಿಟ್ಟರೆ ಮಿಕ್ಕಿದ್ದೆಲ್ಲ ನೇರವಾಗಿ ಶಾಖವಾಗುತ್ತದೆ. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಶಾಖ ಹೊರಬೀಳುತ್ತದೆ. ಜೋರಾಗಿ ಓಡುವ ಆಟದ ಲ್ಯಾಪ್‌ಟಾಪಿನಿಂದ 150ರಿಂದ 200 ವಾಟ್. ಇಬ್ಬರು ಮನುಷ್ಯರ ಶಾಖ ಒಂದು ನೋಟ್‌ಬುಕ್ಕಿನಷ್ಟು ಜಾಗದಿಂದ ಹೊರಬರಬೇಕು ಎಂದಾಯಿತು.

ಅದೂ ಯಂತ್ರದ ತುಂಬ ಹರಡಿ ಹುಟ್ಟುವುದಿಲ್ಲ. ಆರ್‌ಟಿಎಕ್ಸ್ 4060 ಎಂಬ, ಬಹಳಷ್ಟು ವಿದ್ಯಾರ್ಥಿಗಳ ಯಂತ್ರಗಳಲ್ಲಿರುವ ಚಿಪ್ಪಿನ ವಿಸ್ತೀರ್ಣ ಸುಮಾರು 160 ಚದರ ಮಿಲಿಮೀಟರ್, ಹೆಚ್ಚುಕಡಿಮೆ ಹೆಬ್ಬೆರಳ ಉಗುರಿನಷ್ಟು. ಅದರ ಮೂಲಕ 115 ವಾಟ್ ಹರಿದರೆ ಪ್ರತಿ ಚದರ ಸೆಂಟಿಮೀಟರಿಗೆ 70 ವಾಟ್ ಆಯಿತು. ಬಟ್ಟೆಗೆ ಹಾಕುವ ಇಸ್ತ್ರಿ ಪೆಟ್ಟಿಗೆ 1000 ವಾಟಿನದು, ತಳದ ವಿಸ್ತೀರ್ಣ ಸುಮಾರು 200 ಚದರ ಸೆಂಟಿಮೀಟರ್ ಎಂದುಕೊಳ್ಳಿ. ಅಲ್ಲಿ ಚದರ ಸೆಂಟಿಮೀಟರಿಗೆ ಐದೇ ವಾಟ್. ಬಟ್ಟೆ ಸುಡಬಲ್ಲ ಇಸ್ತ್ರಿಗಿಂತ ಹದಿನಾಲ್ಕು ಪಟ್ಟು ದಟ್ಟವಾದ ಶಾಖ ಉಗುರಗಲದ ಸಿಲಿಕಾನ್ ಚೂರಿನಲ್ಲಿ ಹುಟ್ಟುತ್ತದೆ. ಆದರೂ ಅದು ನೂರು ಡಿಗ್ರಿ ದಾಟಬಾರದು!

ಈ ಪವಾಡ ನಡೆಸುವುದು ತಾಮ್ರದ ಚಪ್ಪಟೆ ಕೊಳವೆಗಳು. ಇವಕ್ಕೆ ಶಾಖನಳಿಗೆ ಎನ್ನಬಹುದು. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಬಾಹ್ಯಾಕಾಶದ ಬಳಕೆಗೆಂದು ರೂಪಿಸಿದ ಸಾಧನ ಇದು. ಕೊಳವೆಯೊಳಗಿನ ಗಾಳಿಯನ್ನೆಲ್ಲ ತೆಗೆದು ಒಂದಿಷ್ಟೇ ನೀರು ಬಿಟ್ಟು ಮುಚ್ಚಿರುತ್ತಾರೆ. ಒತ್ತಡ ಕಡಿಮೆಯಾದರೆ ನೀರು ನೂರು ಡಿಗ್ರಿಗೆ ಕಾಯದೆ ಬಹಳ ಮೊದಲೇ ಕುದಿಯುತ್ತದೆ ಎಂಬುದು ಹೈಸ್ಕೂಲಿನ ಪಾಠ. ಚಿಪ್ಪಿನ ಮೇಲಿನ ತುದಿಯಲ್ಲಿ ನೀರು ಆವಿಯಾಗಿ, ಆವಿ ಇನ್ನೊಂದು ತುದಿಗೆ ಓಡಿ, ಅಲ್ಲಿ ಶಾಖ ಬಿಟ್ಟುಕೊಟ್ಟು ಮತ್ತೆ ನೀರಾಗುತ್ತದೆ. ಆ ನೀರು ಒಳಗೋಡೆಯ ಜಾಲರಿಯಲ್ಲಿ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಹಿಂದಕ್ಕೆ ಬರುತ್ತದೆ. ಮೋಟಾರಿಲ್ಲ, ಸದ್ದಿಲ್ಲ, ಸವೆತವಿಲ್ಲ. ಲ್ಯಾಪ್‌ಟಾಪಿನಲ್ಲಿ ನಿಜವಾಗಿಯೂ ಮೆಚ್ಚಬೇಕಾದ ವಸ್ತು ಇದು. ಬಣ್ಣದ ದೀಪವಲ್ಲ.

ಶಾಖ ತುದಿಗೆ ಬಂದ ಮೇಲೆ ಅದನ್ನು ಹೊರಹಾಕಬೇಕಾದದ್ದು ಗಾಳಿ. ಕಣದಲ್ಲಿ ಕಾಫಿ ಹಣ್ಣನ್ನು ಒಣಗಿಸುವವರಿಗೆ ಒಂದು ಪ್ರಶ್ನೆ ಏಳಬಹುದು. ರಾಶಿ ಹಾಕಿದರೆ ಒಳಗೆ ಬಿಸಿ ಕಟ್ಟುತ್ತದೆ, ತೆಳ್ಳಗೆ ಹರಡಿದರೆ ಬೇಗ ಆರುತ್ತದೆ. ಹಾಗಿದ್ದರೆ ತೆಳು ಲ್ಯಾಪ್‌ಟಾಪೇ ಬೇಗ ತಣಿಯಬೇಕಲ್ಲ? ಪ್ರಶ್ನೆ ಜಾಣತನದ್ದೇ. ಬರೀ ಹತ್ತು-ಹದಿನೈದು ವಾಟಿನ ಯಂತ್ರಕ್ಕೆ ಅದು ಒಪ್ಪುತ್ತದೆ. ಮ್ಯಾಕ್‌ಬುಕ್ ಏರ್‌ನ ಈಚಿನ ಮಾದರಿಗಳಿಗೆ ಫ್ಯಾನೇ ಇಲ್ಲ. ಆದರೆ 150 ವಾಟನ್ನು ನಿಂತ ಗಾಳಿ ಹೊತ್ತೊಯ್ಯಲಾರದು. ಒಳಬರುವ ಗಾಳಿ 20 ಡಿಗ್ರಿ ಬಿಸಿಯಾಗಿ ಹೊರಹೋಗುತ್ತದೆ ಎಂದು ಲೆಕ್ಕ ಹಾಕಿದರೆ ಸೆಕೆಂಡಿಗೆ ಆರೇಳು ಲೀಟರ್ ಗಾಳಿ ಬೇಕು. ಎರಡು ಸೆಕೆಂಡಿಗೆ ಒಂದು ಕೊಡದಷ್ಟು! ಅಷ್ಟು ಗಾಳಿ ತೂರಬೇಕಾದದ್ದು ಬಾಚಣಿಗೆಯ ಹಲ್ಲುಗಳಂತೆ ಜೋಡಿಸಿದ ತಗಡುಗಳ ಸಂದಿನಲ್ಲಿ. ಯಂತ್ರ ತೆಳ್ಳಗಾದಂತೆ ಮೊದಲು ಕುಗ್ಗುವುದು ಆ ತಗಡುಗಳ ಎತ್ತರ ಮತ್ತು ಫ್ಯಾನಿನ ರೆಕ್ಕೆಯ ಎತ್ತರ. ಕುಗ್ಗಿದ ಫ್ಯಾನು ಅಷ್ಟೇ ಗಾಳಿ ತಳ್ಳಬೇಕಾದರೆ ಇನ್ನೂ ವೇಗವಾಗಿ ತಿರುಗಬೇಕು. ಆಗ ಕೇಳುವ ಕಿರ್ರೆಂಬ ಸದ್ದು ಹಾಸ್ಟೆಲಿನ ಕೋಣೆಯಲ್ಲಿ ಮಲಗಿದ ಜತೆಗಾರನಿಗೆ ಚೆನ್ನಾಗಿ ಗೊತ್ತು.

ಹೆಸರೊಂದೇ, ತ್ರಾಣ ಬೇರೆ

2017ರ ಮೇ ತಿಂಗಳಲ್ಲಿ ಎನ್‌ವಿಡಿಯಾ ಕಂಪನಿ ಮ್ಯಾಕ್ಸ್-ಕ್ಯೂ ಎಂಬ ಹೊಸ ದಾರಿ ತೋರಿಸಿತು. ಹೆಸರು ರಾಕೆಟ್ ವಿಜ್ಞಾನದಿಂದ ಎರವಲು ತಂದದ್ದು. ಮೇಲೇರುವ ರಾಕೆಟ್ಟಿನ ಮೇಲೆ ಗಾಳಿಯ ಒತ್ತಡ ಅತಿ ಹೆಚ್ಚಾಗುವ ಘಳಿಗೆಗೆ ಆ ಹೆಸರು. ರಾಕೆಟ್ಟನ್ನು ಆ ಮಿತಿಯನ್ನು ಗಮನದಲ್ಲಿಟ್ಟು ರೂಪಿಸುವಂತೆ, ಚಿಪ್ಪನ್ನು ಅದರ ಗರಿಷ್ಠ ವೇಗದಲ್ಲಿ ಓಡಿಸದೆ ವಾಟಿಗೆ ಅತಿ ಹೆಚ್ಚು ಕೆಲಸ ಸಿಗುವ ವೇಗದಲ್ಲಿ ಓಡಿಸಿ ಎಂಬುದು ಇಲ್ಲಿಯ ಉಪಾಯ.

ಇದರಲ್ಲಿ ಒಳ್ಳೆಯ ಭೌತಶಾಸ್ತ್ರವಿದೆ. ಚಿಪ್ಪು ನುಂಗುವ ವಿದ್ಯುತ್ತು ಅದರ ವೇಗಕ್ಕೂ, ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೇಗ ಇಳಿಸಿದರೆ ವೋಲ್ಟೇಜನ್ನೂ ಇಳಿಸಬಹುದು. ಎರಡನ್ನೂ ಶೇಕಡಾ 10ರಷ್ಟು ಇಳಿಸಿ ನೋಡಿ. 0.9ನ್ನು ಮೂರು ಸಲ ಗುಣಿಸಿದರೆ 0.73. ಅಂದರೆ ವೇಗದಲ್ಲಿ ಹತ್ತು ಪಾಲು ಬಿಟ್ಟುಕೊಟ್ಟರೆ ಶಾಖದಲ್ಲಿ ಇಪ್ಪತ್ತೇಳು ಪಾಲು ಉಳಿತಾಯ! ತೆಳು ಗೇಮಿಂಗ್ ಲ್ಯಾಪ್‌ಟಾಪ್ ಸಾಧ್ಯವಾದದ್ದೇ ಈ ಲೆಕ್ಕದಿಂದ. ಆ ವರ್ಷವೇ ಬಂದ ಅಸೂಸ್ ಕಂಪನಿಯ ಝೆಫೈರಸ್ ಯಂತ್ರ ಸುಮಾರು 18 ಮಿ.ಮೀ. ದಪ್ಪವಿತ್ತು. ಮುಚ್ಚಳ ಎತ್ತಿದರೆ ತಳದ ತಗಡು ತಾನಾಗಿ ಬಾಯಿಬಿಟ್ಟು ಗಾಳಿಗೆ ದಾರಿ ಕೊಡುತ್ತಿತ್ತು. ಮೇಜಿಗೂ ಯಂತ್ರಕ್ಕೂ ನಡುವಿನ ಕೆಲವೇ ಮಿಲಿಮೀಟರ್ ಸಂದು ಎಷ್ಟು ಮುಖ್ಯವೆಂಬುದನ್ನು ಆ ವಿನ್ಯಾಸಕಾರರು ಅರಿತಿದ್ದರು. ಮಲೆನಾಡಿನ ಚಳಿಗೆ ಕಂಬಳಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವ ಮಕ್ಕಳು ಆ ಸಂದನ್ನೇ ಮುಚ್ಚುತ್ತಾರೆ.

ಆದರೆ ಕೊಳ್ಳುವವರಿಗೆ ತೊಡಕು ಶುರುವಾದದ್ದೂ ಇಲ್ಲೇ. ಒಂದೇ ಹೆಸರಿನ ಚಿಪ್ಪನ್ನು ಒಬ್ಬ ತಯಾರಕ ಪೂರ್ತಿ ತ್ರಾಣಕ್ಕೆ ಓಡಿಸುತ್ತಾನೆ, ಇನ್ನೊಬ್ಬ ಅರ್ಧಕ್ಕೆ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಚಿಪ್ಪಿಗೆ 35 ವಾಟಿನಿಂದ 115 ವಾಟಿನವರೆಗೆ ಎಷ್ಟನ್ನಾದರೂ ಕೊಡಬಹುದು ಎಂದು ಎನ್‌ವಿಡಿಯಾ ಹೇಳುತ್ತದೆ. ಪೆಟ್ಟಿಗೆಯ ಮೇಲಿನ ಹೆಸರು ಎರಡಕ್ಕೂ ಒಂದೇ. ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೂವಿನ ನೀರು ಕೊಡುವ ಫೆಬ್ರುವರಿ-ಮಾರ್ಚಿಯಲ್ಲಿ ಪಂಪಿನ ಮೇಲೆ ಬರೆದ ಅಶ್ವಶಕ್ತಿ ಎಷ್ಟೇ ಇರಲಿ, ಪೈಪು ಸಣ್ಣದಾದರೆ ಕೊನೆಯ ಜೆಟ್ಟಿನಲ್ಲಿ ನೀರು ಚಿಮ್ಮುವುದಿಲ್ಲ. ತೆಳು ಲ್ಯಾಪ್‌ಟಾಪಿನ ಶಾಖದ ದಾರಿ ಸಣ್ಣ ಪೈಪು.

ಹಾಗೆಂದು ಅರ್ಧ ವಾಟಿಗೆ ಅರ್ಧ ಕೆಲಸ ಎಂದೂ ತಿಳಿಯಬಾರದು. ಮೇಲಿನ ಘನದ ಲೆಕ್ಕ ಇಲ್ಲಿ ಗಿರಾಕಿಯ ಪರವಾಗಿದೆ. ಕೊನೆಯ ಮೂವತ್ತು-ನಲವತ್ತು ವಾಟಿನಿಂದ ಸಿಗುವ ಹೆಚ್ಚುವರಿ ವೇಗ ಸ್ವಲ್ಪವೇ. ತೀರಾ ಕೆಳಗಿಳಿದಾಗ ಮಾತ್ರ ಪೆಟ್ಟು ಜೋರು. ಆದ್ದರಿಂದ 80-90 ವಾಟ್ ಕೊಡುವ ತೆಳು ಯಂತ್ರವನ್ನು ವಿದ್ಯಾರ್ಥಿ ನಿಶ್ಚಿಂತೆಯಿಂದ ಕೊಳ್ಳಬಹುದು. ಅದೇ ಬೆಲೆಗೆ 45 ವಾಟಿನದನ್ನು ಕೊಂಡರೆ ಅಂದಕ್ಕೆ ಹಣ ತೆತ್ತಂತೆ.

ಚೀಲದೊಳಗೆ ಏನೇನು?

ಈಗ ತೂಕಕ್ಕೆ ಬರೋಣ. ಅಸೂಸ್ ಝೆಫೈರಸ್ ಜಿ14ರ 2024ರ ಮಾದರಿ ಒಂದೂವರೆ ಕಿಲೋ ಇದೆ. ಅದೇ ಕಂಪನಿಯ ಟಫ್ ಎ15 ಎಂಬ ದಪ್ಪ ಯಂತ್ರ 2.2 ಕಿಲೋ. ನಡುವಿನ ಅಂತರ 700 ಗ್ರಾಮ್. ನೀರು ತುಂಬಿದ ಒಂದು ಲೀಟರ್ ಬಾಟಲಿಗಿಂತ ಕಡಿಮೆ. ಬೆಲೆಯ ಅಂತರವೋ, ಅದೇ ಹೆಸರಿನ ಚಿಪ್ಪಿದ್ದರೂ ಹತ್ತಾರು ಸಾವಿರ ರೂಪಾಯಿ. ಕಾಲೇಜಿನಲ್ಲೇ ನೀರು ತುಂಬಿಸಿಕೊಂಡರೆ ಆಯಿತು ಎಂದು ಯಾರಾದರೂ ತಮಾಷೆ ಮಾಡಿದರೆ ಅದು ಬರೀ ತಮಾಷೆಯಲ್ಲ.

ಆದರೆ ತೂಕವೊಂದೇ ಅಲ್ಲ. ಜಿ14ರ ಅಗಲ 31 ಸೆಂಟಿಮೀಟರ್, ಆಳ 22. ಒಂದು ಎ4 ಹಾಳೆ 29.7ಕ್ಕೆ 21 ಸೆಂಟಿಮೀಟರ್. ಹಾಳೆಗಿಂತ ಒಂದು ಬೆರಳು ಹೆಚ್ಚು, ಅಷ್ಟೆ. ಟಫ್ ಎ15 ಅಗಲ 35, ಆಳ 25 ಸೆಂಟಿಮೀಟರ್ ಆಗುತ್ತದೆ. ಬೆಳಗಿನ ಬಸ್ಸಿನಲ್ಲಿ ಸೀಟು ಸಿಗದೆ, ಚೀಲವನ್ನು ಹೊಟ್ಟೆಗೆ ಅವುಚಿಕೊಂಡು ತಿರುವುಗಳಲ್ಲಿ ತೂಗಾಡುವವನಿಗೆ ಈ ನಾಲ್ಕು ಸೆಂಟಿಮೀಟರು ದಪ್ಪದ ನಾಲ್ಕು ಮಿಲಿಮೀಟರಿಗಿಂತ ಎಷ್ಟೋ ಪಾಲು ಮುಖ್ಯ. ಹೊತ್ತೊಯ್ಯುವ ಸುಖವನ್ನು ಹೆಚ್ಚಾಗಿ ನಿರ್ಧರಿಸುವುದು ಪರದೆಯ ಅಳತೆ. ಜಾಹೀರಾತು ಅದನ್ನು ಹೇಳುವುದಿಲ್ಲ. 14 ಅಂಗುಲದ ತುಸು ದಪ್ಪ ಯಂತ್ರ 16 ಅಂಗುಲದ ಅತಿ ತೆಳು ಯಂತ್ರಕ್ಕಿಂತ ಪ್ರಯಾಣಕ್ಕೆ ಮೇಲು.

ಇನ್ನು ಅಡಾಪ್ಟರ್. ಕಂಪನಿ ಹೇಳುವ ತೂಕದಲ್ಲಿ ಇದು ಸೇರಿರುವುದಿಲ್ಲ! 180 ವಾಟಿನ ಇಟ್ಟಿಗೆ, ವೈರು ಸೇರಿ ಅರ್ಧ ಕಿಲೋ ದಾಟುತ್ತದೆ. 230-240 ವಾಟಿನದು ಮುಕ್ಕಾಲು ಕಿಲೋ ಆಸುಪಾಸು. 330 ವಾಟಿನದು ಒಂದು ಕಿಲೋದ ಹತ್ತಿರ. ಬ್ಯಾಟರಿಯ ಮೇಲೇ ಆಡಬಹುದಲ್ಲ ಎಂದರೆ, ಲೆಕ್ಕ ಹಾಕಿ ನೋಡಿ. ಒಳ್ಳೆಯ ತೆಳು ಯಂತ್ರದ ಬ್ಯಾಟರಿ 70-76 ವಾಟ್-ಗಂಟೆ. ಬರೆಯುವ, ಓದುವ ಕೆಲಸಕ್ಕೆ 10 ವಾಟ್ ಸಾಕು, ಏಳು ಗಂಟೆ ಬರುತ್ತದೆ. ಗ್ರಾಫಿಕ್ಸ್ ಚಿಪ್ಪು ಎದ್ದು 80 ವಾಟ್ ಎಳೆಯಿತೋ, ಒಂದು ಗಂಟೆಯೂ ಇಲ್ಲ. ಬ್ಯಾಟರಿಯನ್ನೇ ದೊಡ್ಡದು ಮಾಡಲು ವಿಮಾನಯಾನದ ನಿಯಮ ಅಡ್ಡ ಬರುತ್ತದೆ. ವಿಶೇಷ ಅನುಮತಿಯಿಲ್ಲದೆ ಪ್ರಯಾಣಿಕರು ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವಾಟ್-ಗಂಟೆ. ದುಬಾರಿ ಲ್ಯಾಪ್‌ಟಾಪುಗಳ ಬ್ಯಾಟರಿ 99ಕ್ಕೇ ಏಕೆ ನಿಲ್ಲುತ್ತದೆ ಎಂಬುದಕ್ಕೆ ಉತ್ತರ ಇದು.

ಹಾಗಾದರೆ ಉಪಾಯ? ಯಂತ್ರಕ್ಕೆ ಯುಎಸ್‌ಬಿ-ಸಿ ಕಿಂಡಿಯ ಮೂಲಕವೂ ಚಾರ್ಜ್ ಆಗುವ ಅನುಕೂಲವಿದೆಯೇ ಎಂದು ನೋಡುವುದು. 2020ರ ಮೊದಲ ಜಿ14ರಲ್ಲೇ ಅದು ಇತ್ತು. ಹಾಗಿದ್ದರೆ ದೊಡ್ಡ ಇಟ್ಟಿಗೆಯನ್ನು ಮನೆಯ ಮೇಜಿನಡಿ ಖಾಯಂ ಇಟ್ಟು, ಕಾಲೇಜಿಗೆ 65 ಅಥವಾ 100 ವಾಟಿನ ಅಂಗೈಯಗಲದ ಚಾರ್ಜರ್ ಒಯ್ದರೆ ಸಾಕು. ಈ ಚಾರ್ಜರುಗಳು ಕಿರಿದಾದದ್ದು ಗ್ಯಾಲಿಯಂ ನೈಟ್ರೈಡ್ ಎಂಬ ಅರೆವಾಹಕದಿಂದ. ನೀಲಿ ಎಲ್‌ಇಡಿ ಬೆಳಗಿದ್ದೂ ಅದರಿಂದಲೇ. 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಆ ನೀಲಿ ಬೆಳಕಿಗೆ ಸಂದದ್ದು. ಈ ಒಂದು ಕಿಂಡಿಯಿಂದ ಚೀಲದಲ್ಲಿ ಉಳಿಯುವ ತೂಕಕ್ಕೆ ಹೋಲಿಸಿದರೆ ಎರಡು ಮಿಲಿಮೀಟರ್ ತೆಳುತನ ಏನೇನೂ ಅಲ್ಲ.

ಆಲ್ದೂರಿನ ಗಾಳಿ, ಸುರತ್ಕಲ್ಲಿನ ಸೆಕೆ

ಯಾವ ಊರಿನಲ್ಲಿ ಬಳಸುತ್ತೀರಿ ಎಂದು ಯಾವ ಅಂಗಡಿಯವನೂ ಕೇಳುವುದಿಲ್ಲ. ಕೇಳಬೇಕಿತ್ತು. ಡಿಸೆಂಬರಿನ ಬೆಳಿಗ್ಗೆ ಆಲ್ದೂರಿನ ಮನೆಯೊಳಗೆ 15-16 ಡಿಗ್ರಿ ಇದ್ದರೆ, ಏಪ್ರಿಲಿನ ಮಧ್ಯಾಹ್ನ ಕರಾವಳಿಯಲ್ಲಿ 33. ಯಂತ್ರ ಹೊರಹಾಕಬೇಕಾದ ಶಾಖ ಅಷ್ಟೇ, ಆದರೆ ಒಳಬರುವ ಗಾಳಿಯೇ ಹದಿನೇಳು ಡಿಗ್ರಿ ಬಿಸಿ. ಚಿಪ್ಪಿನ ಉಷ್ಣತೆಯೂ ಹೆಚ್ಚುಕಡಿಮೆ ಅಷ್ಟೇ ಮೇಲೇರುತ್ತದೆ. ಮನೆಯಲ್ಲಿ 75 ಡಿಗ್ರಿಯಲ್ಲಿ ಹಾಯಾಗಿ ಓಡುತ್ತಿದ್ದ ತೆಳು ಯಂತ್ರ ಸುರತ್ಕಲ್ಲಿನ ಹಾಸ್ಟೆಲಿನಲ್ಲಿ 90 ದಾಟಿ, ತನ್ನನ್ನು ತಾನೇ ನಿಧಾನಗೊಳಿಸಿಕೊಳ್ಳುತ್ತದೆ. “ಊರಲ್ಲಿ ಚೆನ್ನಾಗಿತ್ತು, ಇಲ್ಲಿ ಬಂದು ಕೆಟ್ಟಿತು” ಎಂದು ಮಗ ಫೋನಿನಲ್ಲಿ ಗೊಣಗಿದರೆ ಯಂತ್ರ ಕೆಟ್ಟಿಲ್ಲ, ಹವೆ ಬದಲಾಗಿದೆ. ಘಟ್ಟದ ಕೆಳಗೆ ಓದಲಿರುವವರಿಗೆ ದಪ್ಪ ಯಂತ್ರವೇ ವಾಸಿ ಎನ್ನಲು ಇದೊಂದು ಬಲವಾದ ಕಾರಣ. ಚಿಕ್ಕಮಗಳೂರಿಗೇ ಹೋಗಿ ಬರುವವರಿಗೆ ತೆಳು ಯಂತ್ರ ಧಾರಾಳವಾಗಿ ಸಾಕು. ಸಾವಿರ ಮೀಟರಿನ ಎತ್ತರದಲ್ಲಿ ಗಾಳಿ ಸುಮಾರು ಶೇಕಡಾ 10ರಷ್ಟು ವಿರಳ, ಹಾಗಾಗಿ ಫ್ಯಾನು ತಳ್ಳುವ ಗಾಳಿಯ ತೂಕ ಕಡಿಮೆ ಎಂಬುದೇನೋ ನಿಜ. ಆದರೆ ಇಲ್ಲಿಯ ತಂಪು ಆ ನಷ್ಟವನ್ನು ತುಂಬಿಕೊಟ್ಟು ಮತ್ತೂ ಉಳಿಸುತ್ತದೆ.

ಮಳೆಗಾಲದ್ದು ಬೇರೆಯೇ ಕಥೆ. ಜುಲೈಯಲ್ಲಿ ಮರ ಬಿದ್ದು ಮೆಸ್ಕಾಂ ತಂತಿ ಹರಿದರೆ ಕರೆಂಟು ಬರಲು ಎರಡು ದಿನವೂ ಆಗಬಹುದು. ಮನೆಯ ಯುಪಿಎಸ್ಸಿನ 12 ವೋಲ್ಟಿನ 150 ಆಂಪಿಯರ್-ಗಂಟೆ ಬ್ಯಾಟರಿಯಲ್ಲಿ ಕಾಗದದ ಲೆಕ್ಕಕ್ಕೆ 1800 ವಾಟ್-ಗಂಟೆ ಇದೆ. ಕೈಗೆ ಸಿಗುವುದು ಹೆಚ್ಚೆಂದರೆ ಅದರ ಮೂರನೇ ಎರಡು ಪಾಲು. 180 ವಾಟ್ ಎಳೆಯುವ ಒಂದು ಲ್ಯಾಪ್‌ಟಾಪ್ 9 ವಾಟಿನ ಇಪ್ಪತ್ತು ಎಲ್‌ಇಡಿ ಬಲ್ಬುಗಳಿಗೆ ಸಮ. ಸಂಜೆ ಮೂರು ಗಂಟೆ ಆಡಿದರೆ ಅಡುಗೆಮನೆಯ ದೀಪ ನಡುರಾತ್ರಿಗೆ ಮೊದಲೇ ಆರಿದರೂ ಆಶ್ಚರ್ಯವಿಲ್ಲ. ಯುಎಸ್‌ಬಿ-ಸಿ ಚಾರ್ಜರಿನ ಉಪಯೋಗ ಇಲ್ಲಿ ಮತ್ತೆ ಗೊತ್ತಾಗುತ್ತದೆ. ಅದು ಕೊಡುವುದೇ 65 ವಾಟ್, ಹೆಚ್ಚು ಕೇಳಿದರೂ ಇಲ್ಲ.

ತೆಳು ಯಂತ್ರಗಳ ಮೈ ಸಾಮಾನ್ಯವಾಗಿ ಅಲ್ಯೂಮಿನಿಯಂ. ಪ್ಲಾಸ್ಟಿಕ್ ಅಷ್ಟು ತೆಳ್ಳಗಾದರೆ ಬಾಗುತ್ತದೆ. ಲೋಹ ಗಟ್ಟಿ, ಶಾಖವನ್ನೂ ಹರಡುತ್ತದೆ. ಆದರೆ ಹಳೆಯ ತೋಟದ ಮನೆಗಳಲ್ಲಿ ಚಾರ್ಜಿಗೆ ಹಾಕಿದ ಇಂಥ ಯಂತ್ರದ ಅಂಚಿಗೆ ಮೊಣಕೈ ತಗುಲಿದರೆ ಇರುವೆ ಹರಿದಂತೆ ಚುರುಗುಟ್ಟುವುದುಂಟು. ಯಂತ್ರ ಕೆಟ್ಟಿದೆ ಎಂದು ಹೆದರುವವರೇ ಹೆಚ್ಚು. ಅಡಾಪ್ಟರಿನೊಳಗೆ ಗದ್ದಲ ಸೋಸಲೆಂದು ಇಟ್ಟ ಸಣ್ಣ ಕೆಪಾಸಿಟರಿನ ಮೂಲಕ ಅತ್ಯಲ್ಪ ವಿದ್ಯುತ್ತು ಲೋಹದ ಮೈಗೆ ಸೋರುತ್ತದೆ. ಮೂರನೆಯ ಪಿನ್ನಿನ ಅರ್ಥಿಂಗ್ ಸರಿಯಾಗಿದ್ದರೆ ಅದು ನೆಲ ಸೇರುತ್ತದೆ, ಇಲ್ಲದಿದ್ದರೆ ಮುಟ್ಟಿದವರ ಮೂಲಕ. ಆ ಚುರುಕಿನಿಂದ ಅಪಾಯವಿಲ್ಲ. ಅರ್ಥಿಂಗ್ ಇಲ್ಲವೆಂಬ ಸುದ್ದಿಯಲ್ಲಿ ಮಾತ್ರ ಅಪಾಯವಿದೆ. ಅದೇ ಮನೆಯಲ್ಲಿ ಗೀಸರೂ ಇರುತ್ತದೆ, ಮಿಕ್ಸಿಯೂ ಇರುತ್ತದೆ. ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಬೇಕು, ಲ್ಯಾಪ್‌ಟಾಪಿನವನನ್ನಲ್ಲ. ಮೂರನೆಯ ಪಿನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ತುರುಕುವ ಬುದ್ಧಿವಂತಿಕೆಯನ್ನಂತೂ ಯಾರೂ ಮಾಡಬಾರದು.

ಬಿಚ್ಚಿದರೆ ಏನಿದೆ?

ತೆಳುತನಕ್ಕೆ ತೆರುವ ಇನ್ನೊಂದು ಬೆಲೆ ರಿಪೇರಿಯದು. ದಪ್ಪ ಯಂತ್ರಗಳಲ್ಲಿ ಮೆಮೊರಿ ಪಟ್ಟಿಯನ್ನು ಒಂದು ಸ್ಕ್ರೂಡ್ರೈವರ್ ಇದ್ದರೆ ಬದಲಿಸಬಹುದು. ಮೊದಲ ವರ್ಷ 16 ಜಿಬಿ, ಮೂರನೆಯ ವರ್ಷ ಪ್ರಾಜೆಕ್ಟಿನ ಹೊತ್ತಿಗೆ 32 ಜಿಬಿ. 2024ರ ಜಿ14 ಸೇರಿದಂತೆ ಹಲವು ತೆಳು ಯಂತ್ರಗಳಲ್ಲಿ ಮೆಮೊರಿಯನ್ನು ಮುಖ್ಯ ಫಲಕಕ್ಕೇ ಬೆಸುಗೆ ಹಾಕಿರುತ್ತಾರೆ. ಕೊಳ್ಳುವ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ನಾಲ್ಕು ವರ್ಷದ ಓದಿಗೆ ಕೊಳ್ಳುವವರು ಇದನ್ನು ತಿಳಿದೇ ಹಣ ಕೊಡಬೇಕು.

ಕೆಲವು ತೆಳು ಯಂತ್ರಗಳಲ್ಲಿ ಚಿಪ್ಪಿಗೂ ಶಾಖನಳಿಗೆಗೂ ನಡುವೆ ಮಾಮೂಲಿ ಲೇಪದ ಬದಲು ದ್ರವಲೋಹ ಹಾಕುತ್ತಾರೆ. ಅದು ಗ್ಯಾಲಿಯಂ ಮಿಶ್ರಲೋಹ. ಗ್ಯಾಲಿಯಂ ಇರಲೇಬೇಕೆಂದು 1871ರಲ್ಲಿ ಮೆಂಡಲೀವ್ ಕೋಷ್ಟಕದ ಖಾಲಿ ಮನೆ ನೋಡಿ ಹೇಳಿದ್ದ, 1875ರಲ್ಲಿ ಅದು ಸಿಕ್ಕಿತು. ಸುಮಾರು 30 ಡಿಗ್ರಿಗೇ, ಅಂದರೆ ಅಂಗೈಯಲ್ಲೇ ಕರಗುವ ಲೋಹ. ಶಾಖವನ್ನು ಬಹಳ ಚೆನ್ನಾಗಿ ದಾಟಿಸುತ್ತದೆ. ಆದರೆ ಅಲ್ಯೂಮಿನಿಯಮ್ಮಿಗೆ ತಗುಲಿದರೆ ಅದನ್ನು ಪುಡಿಯಾಗಿಸುತ್ತದೆ, ಫಲಕದ ಮೇಲೆ ಒಂದು ಹನಿ ಬಿದ್ದರೆ ಶಾರ್ಟ್ ಸರ್ಕಿಟ್. ಇಂಥ ಯಂತ್ರವನ್ನು ಧೂಳು ಹೊಡೆಯಲೆಂದು ಗೆಳೆಯನ ಕೈಯಲ್ಲಿ ಬಿಚ್ಚಿಸುವುದು ಬೇಡ. ಧೂಳನ್ನಂತೂ ವರ್ಷಕ್ಕೊಮ್ಮೆ ತೆಗೆಸಲೇಬೇಕು. ಬಾಚಣಿಗೆಯ ಹಲ್ಲು ಸಂದಾದಷ್ಟೂ ಬೇಗ ಕಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಯಂತ್ರವನ್ನು ವಾರಗಟ್ಟಲೆ ಚೀಲದಲ್ಲಿ ಮುಚ್ಚಿಡುವುದಕ್ಕಿಂತ ದಿನಕ್ಕೊಮ್ಮೆ ಓಡಿಸುವುದು ಒಳ್ಳೆಯದು. ಕ್ಯಾಮೆರಾ ಮಸೂರಕ್ಕೆ ಬೂಸ್ಟು ಹಿಡಿಯುವ ಊರಿನಲ್ಲಿ ಅದರ ಶಾಖವೇ ಅದಕ್ಕೆ ಕಾವಲು.

ಬಳಸುವ ಊರನ್ನು ನೋಡಿ ಯಂತ್ರ ರೂಪಿಸುವ ಪ್ರಯತ್ನ ಕರ್ನಾಟಕದಲ್ಲೇ ಒಮ್ಮೆ ನಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯವರು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈಗಣಕವನ್ನು ಹಿರಿಯ ಓದುಗರು ಮರೆತಿರಲಾರರು. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ಸಣ್ಣ ಸೆಲ್ಲುಗಳ ಮೇಲೆ ನಡೆಯುವ ಮಿತವ್ಯಯ. ಒಂದೇ ಯಂತ್ರವನ್ನು ಊರಿನ ಹಲವರು ಸ್ಮಾರ್ಟ್ ಕಾರ್ಡ್ ಹಾಕಿ ಹಂಚಿಕೊಳ್ಳಬಹುದಿತ್ತು. ಓದು ಬಾರದವರಿಗಾಗಿ ಕನ್ನಡದಲ್ಲಿ ಓದಿ ಹೇಳುವ ತಂತ್ರಾಂಶವೂ ಸಿದ್ಧವಾಗಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜತೆಗೂಡಿ ಮಾರುಕಟ್ಟೆಗೆ ತಂದರು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ, ಅಷ್ಟರಲ್ಲಿ ಮೊಬೈಲು ಬಂದಿತು. ಆದರೆ ಎಷ್ಟು ಮಿಲಿಮೀಟರ್ ಎಂಬಲ್ಲಿಂದ ಅವರು ಶುರುಮಾಡಿರಲಿಲ್ಲ. ಕರೆಂಟಿಲ್ಲದ ಊರಿನಲ್ಲಿ ಯಾರು ಬಳಸುತ್ತಾರೆ ಎಂಬಲ್ಲಿಂದ ಶುರುಮಾಡಿದ್ದರು.

ಈ ವರ್ಷ ಕೊಳ್ಳುವವರು ಅಂಗಡಿಗೆ ಹೋಗುವಾಗ ಮಕ್ಕಳ ಕಾಲೇಜು ಚೀಲವನ್ನೇ ಜತೆಗೆ ಒಯ್ಯಲಿ. ಯಂತ್ರ, ಅಡಾಪ್ಟರು, ವೈರು ಎಲ್ಲವನ್ನೂ ಅದರೊಳಗಿಟ್ಟು ಹೆಗಲಿಗೇರಿಸಿ ಹತ್ತು ನಿಮಿಷ ಅಂಗಡಿಯಲ್ಲೇ ನಿಲ್ಲಲಿ, ಬಸ್ಸಿನಲ್ಲಿ ನಿಲ್ಲುವುದು ಅದರ ಐದು ಪಟ್ಟು. ಮೆಮೊರಿ ಬೆಸುಗೆಯದೋ ಬಿಚ್ಚುವುದೋ, ಸೇವಾ ಕೇಂದ್ರ ಯಾವ ಊರಿನಲ್ಲಿದೆ, ಯುಎಸ್‌ಬಿ-ಸಿಯಿಂದ ಚಾರ್ಜ್ ಆಗುತ್ತದೆಯೇ ಎಂದು ಕೇಳಲಿ. ಗ್ರಾಫಿಕ್ಸ್ ಚಿಪ್ಪಿಗೆ ಎಷ್ಟು ವಾಟ್ ಎಂದೂ ಕೇಳಲಿ. ಅಂಗಡಿಯವನು ತಡವರಿಸಿದರೆ ಅಲ್ಲೇ ಮೊಬೈಲಿನಲ್ಲಿ ಕಂಪನಿಯ ಜಾಲತಾಣ ತೆರೆದು ಮಾದರಿಯ ಪೂರ್ತಿ ಸಂಖ್ಯೆ ಹೊಡೆದು ನೋಡಬಹುದು. ವಿವರಪಟ್ಟಿಯಲ್ಲಿ ಗ್ರಾಫಿಕ್ಸ್ ಎಂಬ ಸಾಲಿನ ಕೊನೆಗೆ ಅಥವಾ ಅದರ ಕೆಳಗಿನ ಸಣ್ಣಕ್ಷರದ ಟಿಪ್ಪಣಿಯಲ್ಲಿ ಆ ಅಂಕಿ ಇರುತ್ತದೆ.